ಕನ್ನಡ ಸಭೆಯೊಂದು ಜಾಲತಾಣಕ್ಕೆ ಇಳಿಯುವಾಗ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಚಿಕ್ಕ ಕ್ರೈಸ್ತ ಸಭೆಯೊಂದು ಸಾಮಾಜಿಕ ಜಾಲತಾಣಕ್ಕೆ ಇಳಿಯಬೇಕೆಂದು ತೀರ್ಮಾನಿಸಿದ ಕೂಡಲೇ ಕಮಿಟಿಯಲ್ಲಿ ಮೊದಲು ಏಳುವ ಪ್ರಶ್ನೆ, ಕ್ಯಾಮೆರಾ ಯಾವುದು ಕೊಳ್ಳೋಣ ಎಂಬುದು. ಅದನ್ನು ಕೊನೆಗೆ ಕೇಳಿದರೂ ಸಾಕು. ನಾವು ಹಾಕುವ ಪ್ರತಿಯೊಂದಕ್ಕೂ ಜವಾಬು ಕೊಡುವವರು ನಮ್ಮಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳಿಕೊಳ್ಳಬೇಕು. ವೀಡಿಯೊ ನೋಡಿದವರೊಬ್ಬರು ರಾತ್ರಿ ಹತ್ತಕ್ಕೆ "ನನ್ನ ಮಗನಿಗಾಗಿ ಪ್ರಾರ್ಥಿಸಿ" ಎಂದು ಬರೆದರೆ ಓದುವವರು ಯಾರು? ಪೋಸ್ಟರಿನ ಬೈಬಲ್ ವಚನಕ್ಕೆ ಅರ್ಥವೇನೆಂದು ಕೇಳಿದರೆ ತಿಳಿಸಿ ಹೇಳುವವರು ಯಾರು?

ಕ್ರೈಸ್ತ ಸಂದೇಶ ನೈಜವಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಅಳತೆ ಒಂದೇ. ಅದು ನಮ್ಮ ಸಭೆಯಲ್ಲಿ ಹುಟ್ಟಿದ್ದಾಗಿರಬೇಕು, ನಮ್ಮವರೇ ನೋಡಿ "ಹೌದು, ಇದು ನಿಜ" ಎನ್ನುವಂತಿರಬೇಕು. ಎಲ್ಲೋ ತಯಾರಾದ ಪೋಸ್ಟರಿಗೆ ನಮ್ಮ ದೇವಾಲಯದ ಹೆಸರು ಅಂಟಿಸಿ ಹಂಚಿದರೆ ಅದು ಎಷ್ಟೇ ಚೆನ್ನಾಗಿದ್ದರೂ ನಮ್ಮದಾಗುವುದಿಲ್ಲ. ಈ ಒಂದು ಅಳತೆಯನ್ನು ಇಟ್ಟುಕೊಂಡೇ ಮುಂದಿನ ಆಯ್ಕೆಗಳನ್ನೆಲ್ಲ ತೂಗಿ ನೋಡಿದ್ದೇನೆ. ಮಂಗಳೂರು, ಉಡುಪಿಯ ಹಳೆಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳು, ಧಾರವಾಡ, ಗದಗ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು, ಬೀದರಿನ ಮೆಥೋಡಿಸ್ಟರು, ಮೈಸೂರು ಸೀಮೆಯ ಕಥೋಲಿಕ ಧರ್ಮಕೇಂದ್ರಗಳು, ಬೆಂಗಳೂರಿನ ಬಾಡಿಗೆ ಹಾಲಿನಲ್ಲಿ ಸೇರುವ ಸ್ವತಂತ್ರ ಸಭೆಗಳು, ಇವೆಲ್ಲವೂ ನನ್ನ ಮನಸ್ಸಿನಲ್ಲಿವೆ.

ಕನ್ನಡ ನಾಡಿನ ಕ್ರೈಸ್ತರಿಗೆ ಈ ದಾರಿ ಹೊಸದಲ್ಲ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ ಅದರಲ್ಲಿ ಊರಿನ ಸುದ್ದಿ, ಸರ್ಕಾರದ ನಿರೂಪಗಳು, ಕಥೆಗಳು ಇದ್ದವು. ಮಿಷನರಿಯೊಬ್ಬರು ಊರಿನ ಜನಕ್ಕೆ ಬೇಕಾದ ಸುದ್ದಿಯನ್ನು ಅವರದೇ ಮಾತಿನಲ್ಲಿ ಕೊಟ್ಟರು. ಆ ಕಾರಣಕ್ಕೇ ಇಂದಿಗೂ ಜುಲೈ 1 ಕನ್ನಡಿಗರಿಗೆಲ್ಲ ಪತ್ರಿಕಾ ದಿನ. ಇನ್ನೊಬ್ಬ ಮಿಷನರಿ ಫರ್ಡಿನಾಂಡ್ ಕಿಟೆಲ್ ಕನ್ನಡ ನಿಘಂಟು ಕಟ್ಟುವುದಕ್ಕೆ ಎಷ್ಟೋ ಮೊದಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದಿದ್ದರು. ಹೊರಗಿನಿಂದ ಬಂದವರೇ ಇಷ್ಟು ಶ್ರಮಪಟ್ಟಿರುವಾಗ, ಇಲ್ಲೇ ಹುಟ್ಟಿ ಬೆಳೆದ ನಾವು ಇಂಗ್ಲಿಷಿನ ಬೈಬಲ್ ಧ್ಯಾನದ ಬರಹವನ್ನು ಯಂತ್ರದಿಂದ ಅನುವಾದಿಸಿ ಹಾಕುವುದು ನನಗೆ ನೋವಿನ ಸಂಗತಿ.

ವಚನದ ಪೋಸ್ಟರ್, ಕಿರು ವೀಡಿಯೊ, ನೇರ ಪ್ರಸಾರ, ಧ್ವನಿ ಸಂದೇಶ

ಪೋಸ್ಟರ್ ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಅದರ ಅಪಾಯವೂ ಆ ಸುಲಭದಲ್ಲೇ ಇದೆ. ಹೊಸ ವರ್ಷದ ವಾಗ್ದಾನದ ವಚನವೆಂದು ಯೆರೆಮೀಯ 29:11ನ್ನು ಎಷ್ಟು ಸಾರಿ ನೋಡಿಲ್ಲ! ಹಿತದ ಆಲೋಚನೆ, ನಿರೀಕ್ಷೆಯ ಭವಿಷ್ಯ, ಹಿಂದೆ ಸೂರ್ಯೋದಯದ ಚಿತ್ರ. ಅದರ ಹಿಂದಿನ ವಚನವನ್ನು ಓದಿದರೆ ಮಾತು ಬೇರೆಯೇ ಆಗುತ್ತದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರವದು. ಎಪ್ಪತ್ತು ವರ್ಷ ತುಂಬಿದ ಮೇಲೆ ಬಿಡುಗಡೆ, ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಸಾಲದಲ್ಲಿ ಮುಳುಗಿದ ರೈತನಿಗೂ ಗಂಡನ ಕಾಯಿಲೆಗೆ ಆಸ್ಪತ್ರೆ ಅಲೆಯುವ ಹೆಂಗಸಿಗೂ ಈ ಇಡೀ ಮಾತು ಬೇಕು. ಹನ್ನೊಂದನೆಯ ವಚನವನ್ನಷ್ಟೇ ಕತ್ತರಿಸಿ ಕೊಟ್ಟರೆ ಬರುವ ಡಿಸೆಂಬರಿಗೆ ಅವರು ಏನೆಂದುಕೊಳ್ಳಬೇಕು? ಪೋಸ್ಟರ್ ಮಾಡುವುದಾದರೆ ವಾರಕ್ಕೆ ಒಂದು ಸಾಕು. ಭಾನುವಾರದ ಪ್ರಸಂಗದ (ಉಪದೇಶದ) ವಚನವನ್ನೇ ತೆಗೆದುಕೊಳ್ಳಿ. ಕೆಳಗೆ ಎರಡು ಸಾಲಿನಲ್ಲಿ ಅದನ್ನು ಯಾರಿಗೆ, ಯಾವಾಗ ಹೇಳಲಾಯಿತು ಎಂದು ಬರೆಯಿರಿ. ಸೂರ್ಯೋದಯದ ಬದಲು ನಿಮ್ಮ ದೇವಾಲಯದ ಕಿಟಕಿಯ ಚಿತ್ರ ಹಾಕಿ.

ಅಕ್ಷರದ ಬಗ್ಗೆ ಒಂದು ಮಾತು. ಎಷ್ಟೋ ಸಭೆಗಳ ವಾರಪತ್ರಿಕೆ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ತಯಾರಾಗುತ್ತದೆ. ಅದನ್ನು ಹಾಗೆಯೇ ಎತ್ತಿ ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ, ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ನೋಟೊ, ಬಾಲೂ ತಮ್ಮ, ತಿರೊ ಕನ್ನಡ ಫಾಂಟುಗಳು ಉಚಿತ, ಮುಕ್ತ ಪರವಾನಗಿಯವು, ಪೋಸ್ಟರಿಗೂ ಚೆನ್ನಾಗಿ ಹೊಂದುತ್ತವೆ.

ಇಡೀ ಆರಾಧನೆಯ ನೇರ ಪ್ರಸಾರ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಅನಿವಾರ್ಯವಾಗಿ ಶುರುವಾಯಿತು. ಬಾಗಿಲು ತೆರೆದ ಮೇಲೂ ಹಲವು ಕಡೆ ಅಭ್ಯಾಸಬಲದಿಂದ ಮುಂದುವರಿದಿದೆ. ಇದನ್ನು ಆರಿಸುವ ಮೊದಲು ನೋಡುವವರ ಮುಖಗಳನ್ನು ನೆನೆದುಕೊಳ್ಳಿ. ಹಾಸಿಗೆ ಹಿಡಿದ ಹಿರಿಯರು, ಕುವೈತಿನಲ್ಲಿ ಪಾಳಿಯ ಕೆಲಸ ಮಾಡುವ ನರ್ಸುಗಳು, ಬೇರೆ ರಾಜ್ಯಕ್ಕೆ ಓದಲು ಹೋದ ಮಕ್ಕಳು. ಇವರಿಗೆ ನೇರ ಪ್ರಸಾರ ಬಹಳ ದೊಡ್ಡ ಉಪಕಾರ. ಅಪರಿಚಿತರು ಮಾತ್ರ ಒಂದೂವರೆ ಗಂಟೆಯ ಆರಾಧನೆಯನ್ನು ಮೊಬೈಲಿನಲ್ಲಿ ಕೂತು ನೋಡುವುದಿಲ್ಲ. ಹಾಗಾಗಿ ಯೂಟ್ಯೂಬಿನಲ್ಲಿ 'ಅನ್‌ಲಿಸ್ಟೆಡ್' ಎಂಬ ಆಯ್ಕೆಯನ್ನು ಬಳಸಿ. ಲಿಂಕ್ ಇದ್ದವರಷ್ಟೇ ನೋಡಬಹುದು, ಹುಡುಕಿದವರಿಗೆ ಸಿಗುವುದಿಲ್ಲ. ಕಾಯಿಲೆಯವರ ಹೆಸರು ಹಿಡಿದು ಪ್ರಾರ್ಥಿಸುವ ಆರಾಧನೆ ಊರಿಗೆಲ್ಲ ತೆರೆದಿರಬೇಕಾಗಿಲ್ಲ. ಮೊಬೈಲಿನಿಂದ ಯೂಟ್ಯೂಬ್ ನೇರ ಪ್ರಸಾರ ಮಾಡಲು ಚಾನೆಲಿಗೆ ಕನಿಷ್ಠ 50 ಚಂದಾದಾರರಿರಬೇಕು. ಮೊದಲ ಸಲ ಅನುಮತಿ ತೆರೆದುಕೊಳ್ಳಲು ಒಂದು ದಿನ ಹಿಡಿಯಬಹುದು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ.

ಕ್ಯಾಮೆರಾಕ್ಕಿಂತ ಧ್ವನಿಗೆ ಹಣ ಹಾಕಿ. ಎತ್ತರದ ಚಾವಣಿ, ಟೈಲ್ಸ್ ನೆಲ, ತಿರುಗುವ ಫ್ಯಾನು, ಹಿಂದಿನ ಸಾಲಿನಲ್ಲಿಟ್ಟ ಮೊಬೈಲು, ಇವೆಲ್ಲ ಸೇರಿದರೆ ಸಭಾಪಾಲಕರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಮುಚ್ಚಿಬಿಡುತ್ತಾರೆ. ಬಟ್ಟೆಗೆ ಸಿಕ್ಕಿಸುವ ಸಾಧಾರಣ ಕಾಲರ್ ಮೈಕ್ ಒಂದಿದ್ದರೂ ವ್ಯತ್ಯಾಸ ಎದ್ದು ಕಾಣುತ್ತದೆ.

ಅಪರಿಚಿತರನ್ನು ತಲುಪುವುದು ಕಿರು ವೀಡಿಯೊ. ಯೂಟ್ಯೂಬ್ ಶಾರ್ಟ್ಸ್ ಆಗಲಿ ಇನ್‌ಸ್ಟಾಗ್ರಾಂ ರೀಲ್ಸ್ ಆಗಲಿ, ಈಗ ಮೂರು ನಿಮಿಷದ ವೀಡಿಯೊವನ್ನೂ ಹಾಕಬಹುದು. ಒಂದು ನಿಮಿಷವೇ ಸಾಕಾಗುತ್ತದೆ. ಏನು ತೋರಿಸಬೇಕೆಂದು ಕೇಳುವವರಿಗೆ ನಾನು ಬೆಳೆ ಹಬ್ಬದ ಹರಾಜನ್ನು ನೆನಪಿಸುತ್ತೇನೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕೋಳಿ, ಹಲಸಿನಹಣ್ಣು ಸಾಲಾಗಿ ಕೂತಿರುತ್ತವೆ. ಹರಾಜು ಕೂಗುವ ಹಿರಿಯರು ಒಂದು ಕುಂಬಳಕಾಯಿಯನ್ನು ಎತ್ತಿ ಹಿಡಿದು ಬೆಲೆ ಹೇಳುತ್ತಾರೆ. ಪೇಟೆಯಲ್ಲಿ ನೂರು ರೂಪಾಯಿಯೂ ಬಾಳದ ಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ. ಕೊಂಡವರು ಅದನ್ನು ಮತ್ತೆ ಹರಾಜಿಗೇ ಕೊಟ್ಟುಬಿಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಬೆಳೆ ದೇವರದು, ನಮ್ಮ ಕೈಯಲ್ಲಿರುವುದು ಅವನಿಗೆ ಸೇರಿದ್ದು ಎಂಬುದನ್ನು ಈ ದೃಶ್ಯ ಹೇಳುವಷ್ಟು ಚೆನ್ನಾಗಿ ಯಾವ ಪೋಸ್ಟರೂ ಹೇಳುವುದಿಲ್ಲ. ಹಿನ್ನೆಲೆಗೆ ಸಂಗೀತ ಸೇರಿಸಬೇಡಿ. ಹರಾಜಿನ ಕೂಗೇ ಇರಲಿ. ಕರಾವಳಿಯ ಕಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೂ ಹಿಡಿದು ಬರುವ ಮಕ್ಕಳು, ಆಶೀರ್ವದಿಸಿದ ಹೊಸ ತೆನೆ, ಮನೆಯ ಹೊಸ ಅಕ್ಕಿಯ ಊಟ ಇದ್ದೇ ಇವೆ.

ಯಾರೂ ಗಮನಿಸದ ನಾಲ್ಕನೆಯ ದಾರಿ ಧ್ವನಿ ಸಂದೇಶ. ಸಭಾಪಾಲಕರು ಬೆಳಿಗ್ಗೆ ಎರಡು ನಿಮಿಷ ಮಾತಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಕಣ್ಣು ಮಂಜಾದ ಅಜ್ಜಿಯೂ ಕೇಳುತ್ತಾರೆ, ಗದ್ದೆಗೆ ಹೊರಟವರೂ ಕೇಳುತ್ತಾರೆ. ಓದಲು ಬಾರದವರಿಗೂ ಅಡ್ಡಿಯಿಲ್ಲ, ಡೇಟಾ ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರೇ ಕೆಲಸ ಮಾಡುವ ಸಭೆಗೆ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಬೀದರಿನವರು ಬೀದರಿನ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ ಹೇಳಲಿ. ಪುಸ್ತಕದ ಕನ್ನಡದಲ್ಲಿ ಓದಿದಾಗ ಬಾರದ ಸಲಿಗೆ ಅಲ್ಲಿ ಬರುತ್ತದೆ.

ಗುಂಪೋ ಚಾನೆಲ್ಲೋ, ಯೂಟ್ಯೂಬೋ ಫೇಸ್‌ಬುಕ್ಕೋ

ವಾಟ್ಸಾಪ್ ಗುಂಪಿನಲ್ಲಿ 1024 ಜನ ಇರಬಹುದು, ಎಲ್ಲರೂ ಮಾತಾಡಬಹುದು. ಆದರೆ ಎಲ್ಲರ ಫೋನ್ ನಂಬರೂ ಎಲ್ಲರಿಗೂ ಕಾಣುತ್ತದೆ. ಸ್ತ್ರೀಯರ ಪ್ರಾರ್ಥನಾ ಕೂಟದ ಗುಂಪಿಗೆ ಹೊರಗಿನವರನ್ನು ಸೇರಿಸುವ ಮುಂಚೆ ಇದನ್ನು ಯೋಚಿಸಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲಿನಲ್ಲಿ ನಂಬರುಗಳು ಬೇರೆ ಚಂದಾದಾರರಿಗೆ ಕಾಣುವುದಿಲ್ಲ, ಜನ ಕೇಳಬಹುದು, ಮರುಮಾತು ಬರೆಯಲಾಗದು. ಸಭೆಯ ಕುಟುಂಬಗಳಿಗೆ ಗುಂಪು, ಹೊರಗಿನ ಕೇಳುಗರಿಗೆ ಚಾನೆಲ್ ಎಂದು ಬೇರೆ ಮಾಡಿಕೊಳ್ಳುವುದೇ ಸರಿ. ಗುಂಪಿನಲ್ಲಿ ಬಂದ ಪ್ರಾರ್ಥನಾ ಕೋರಿಕೆ ಯಾವ ಕಾರಣಕ್ಕೂ ಚಾನೆಲಿಗೆ ಹೋಗಬಾರದು.

ಫೇಸ್‌ಬುಕ್‌ನಲ್ಲಿ ನಮ್ಮ ನಡುವಯಸ್ಸಿನವರು ಇನ್ನೂ ಇದ್ದಾರೆ, ಊರಿನ ಹಬ್ಬದ ಚಿತ್ರಗಳಿಗೆ ಅದು ಒಳ್ಳೆಯ ಜಾಗ. ಆದರೆ ಆರಾಧನೆಯ ದಾಖಲೆ ಇಡಲು ಅದನ್ನು ನಂಬುವಂತಿಲ್ಲ. 2025ರ ಫೆಬ್ರುವರಿಯಿಂದ ಅಲ್ಲಿನ ಹೊಸ ನೇರ ಪ್ರಸಾರಗಳು 30 ದಿನ ಮಾತ್ರ ಉಳಿಯುತ್ತವೆ, ಆಮೇಲೆ ಅಳಿಸಿಹೋಗುತ್ತವೆ. ಹಿರಿಯರೊಬ್ಬರ ಕೊನೆಯ ಪ್ರಸಂಗ, ದೇವಾಲಯದ ಶತಮಾನೋತ್ಸವ ಇಂಥವನ್ನು ಯೂಟ್ಯೂಬಿಗೂ ಸಭೆಯ ಹಾರ್ಡ್‌ಡಿಸ್ಕಿಗೂ ಸೇರಿಸಿ. ಇನ್‌ಸ್ಟಾಗ್ರಾಂ ಯುವಕರದು. ಅದನ್ನು ಅವರ ಕೈಗೇ ಬಿಡಿ, ನಡುವೆ ಕಮಿಟಿಯ ಮೂಗು ತೂರಿಸಬೇಡಿ. ನೋಡಿಕೊಳ್ಳಲು ಯುವಕರೇ ಇಲ್ಲದಿದ್ದರೆ ಖಾತೆಯನ್ನೂ ತೆರೆಯಬೇಡಿ. ವರ್ಷದಿಂದ ಏನೂ ಬರೆಯದ ಖಾತೆ, ಬಾಗಿಲು ಹಾಕಿದ ದೇವಾಲಯವೆಂಬ ತಪ್ಪು ಸುದ್ದಿಯನ್ನು ಕೊಡುತ್ತದೆ.

ಯಾವ ಬೈಬಲ್ ಅನುವಾದ, ಯಾವ ಹಾಡು

ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬೈಬಲ್ ಸೊಸೈಟಿಯ ಹಳೆಯ ಸತ್ಯವೇದವೇ ಬಾಯಿಪಾಠ. ಇಪ್ಪತ್ಮೂರನೆಯ ಕೀರ್ತನೆಯನ್ನು ಬೇರೆ ಪದಗಳಲ್ಲಿ ಹೇಳಿದರೆ ಹಿರಿಯರಿಗೆ ಅದು ಬೇರೆ ಕೀರ್ತನೆಯೇ ಆಗಿಬಿಡುತ್ತದೆ. ಅವರಿಗಾಗಿ ಮಾಡುವ ಧ್ವನಿ ಸಂದೇಶದಲ್ಲಿ ಹಳೆಯ ಪಾಠವೇ ಇರಲಿ. ಕಥೋಲಿಕರು ತಮ್ಮ ಶ್ರೀಗ್ರಂಥದಿಂದಲೇ ಓದಲಿ. ಪೂಜೆಯಲ್ಲಿ ಕೇಳಿದ ಮಾತೇ ಮೊಬೈಲಿನಲ್ಲೂ ಕೇಳಬೇಕು. ಬೈಬಲನ್ನು ಮೊದಲ ಸಲ ಕೇಳುತ್ತಿರುವವರಿಗೆ ಸರಳ ಪಾಠ ವಾಸಿ.

ಹಕ್ಕಿನ ವಿಷಯ ಮರೆಯಬೇಡಿ. ಇಡೀ ಸುವಾರ್ತೆಯನ್ನು ಓದಿ ಆಡಿಯೊ ಮಾಡುವ ಯೋಜನೆ ಇದ್ದರೆ ಪ್ರಕಾಶಕರಿಗೆ ಬರೆದು ಅನುಮತಿ ಪಡೆಯಿರಿ. ಭಾರತದ ಬೈಬಲ್ ಸೊಸೈಟಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅನುಮತಿಗೆ ಕಾಯಲಾಗದವರಿಗೆ 'ಇಂಡಿಯನ್ ರಿವೈಸ್ಡ್ ವರ್ಷನ್' ಎಂಬ ಕನ್ನಡ ಪಾಠ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತದೆ. ಮೂಲದ ಹೆಸರು ನಮೂದಿಸಬೇಕು, ಬದಲಾಯಿಸಿ ಹಂಚಿದರೆ ಅದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು, ಅಷ್ಟೇ ಷರತ್ತು.

ಹಾಡಿನಲ್ಲಿ ತೊಡಕು ಹೆಚ್ಚು. ಆರಾಧನೆಯ ವೇಳೆಯಲ್ಲಿ ಹಾಡುವುದಕ್ಕೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆ ವಿನಾಯಿತಿ ಕೊಟ್ಟಿದೆ. ಆರಾಧನೆಯನ್ನು ಯೂಟ್ಯೂಬಿಗೆ ಏರಿಸಿದಾಗ ಅಲ್ಲಿನ ಯಂತ್ರ ರಾಗವನ್ನು ಗುರುತಿಸುತ್ತದೆಯೇ ಹೊರತು ಈ ವಿನಾಯಿತಿಯನ್ನು ನೋಡುವುದಿಲ್ಲ. ಹೊಸ ಆಲ್ಬಮ್ಮಿನ ಹಾಡು ಹಾಡಿದರೆ ವೀಡಿಯೊದ ಮೇಲೆ ಬೇರೆಯವರ ಹಕ್ಕು ಬೀಳಬಹುದು, ಧ್ವನಿ ಅಡಗಬಹುದು. ಹಳೆಯ ಗೀತೆಗಳಿಗೆ ಈ ಭಯ ಕಡಿಮೆ. ಬರೆದವರು ತೀರಿಕೊಂಡ ನಂತರ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಮೊಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಕಿಟೆಲ್ 1903ರಲ್ಲಿ. ಆ ಕಾಲದ ಗೀತೆಗಳು ಈಗ ಎಲ್ಲರ ಸೊತ್ತು. ಯಾರೋ ಹಾಡಿ ರೆಕಾರ್ಡ್ ಮಾಡಿದ್ದನ್ನು ಬಳಸುವುದಾದರೆ ಮಾತ್ರ ಆ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿದೆ. ನಿಮ್ಮ ಗಾಯಕ ತಂಡವೇ ಹಾಡಲಿ, ಶ್ರುತಿ ಸ್ವಲ್ಪ ಆಚೀಚೆಯಾದರೂ ಪರವಾಗಿಲ್ಲ. ಜರ್ಮನಿಯ ರಾಗಕ್ಕೆ ಕನ್ನಡದ ಸಾಲು ಕೂಡಿಸಿ ನಾಲ್ಕು ತಲೆಮಾರು ಹಾಡಿಕೊಂಡು ಬಂದ ಮಂಗಳೂರಿನ ಸಭೆಯೊಂದಕ್ಕೆ ಇದಕ್ಕಿಂತ ತನ್ನದಾದ ಇನ್ನೊಂದು ಸಂಪತ್ತು ಇಲ್ಲ. ಒಂದೇ ಹಾಡನ್ನು ನಾಲ್ಕು ಬೇರೆ ಧ್ವನಿಗಳಲ್ಲಿ ಕೂಡಿಸಿ ಹಾಡಬಲ್ಲ ಹಿರಿಯರು ಇರುವಾಗಲೇ ಇದನ್ನು ದಾಖಲಿಸಿಕೊಳ್ಳಿ.

ಸಾಕ್ಷಿ: ಹಾಕಬೇಕಾದ್ದು, ಹಾಕಬಾರದ್ದು

ಜಾಲತಾಣದಲ್ಲಿ ಅತಿ ಬೇಗ ಹರಡುವುದು ಸಾಕ್ಷಿ, ಅಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಒಬ್ಬರು ಹೇಳಿಕೊಳ್ಳುವ ಮಾತು; ಅತಿ ಹೆಚ್ಚು ಗಾಯ ಮಾಡುವುದೂ ಅದೇ. ಹಾಗಾಗಿ ಇಲ್ಲಿ ಆಯ್ಕೆ ಮಾಡುವಾಗ ಕೈ ಬಿಗಿಯಾಗಿರಲಿ.

ಸ್ವಸ್ಥತೆಯ ಸಾಕ್ಷಿಯನ್ನು ಮೊದಲು ನೋಡೋಣ. ನಾನು ಪ್ರಾರ್ಥನೆಯನ್ನು ನಂಬುತ್ತೇನೆ, ದೇವರು ಗುಣಪಡಿಸುತ್ತಾನೆಂದೂ ನಂಬುತ್ತೇನೆ. ಆದರೂ "ಪ್ರಾರ್ಥನೆಯ ಸಮಯದಲ್ಲಿ ನಾನು ಒಂಟಿಯಾಗಿರಲಿಲ್ಲ, ಸಭೆಯವರು ಆಸ್ಪತ್ರೆಗೆ ಬಂದರು, ಆಪರೇಷನ್ ಆಯಿತು, ಈಗ ಎದ್ದು ಓಡಾಡುತ್ತಿದ್ದೇನೆ" ಎಂಬ ಸಾಕ್ಷಿಯನ್ನೂ "ನಮ್ಮ ಕೂಟಕ್ಕೆ ಬನ್ನಿ, ಸಕ್ಕರೆ ಕಾಯಿಲೆ, ಮೂರ್ಛೆರೋಗ ವಾಸಿಯಾಗುತ್ತದೆ" ಎಂಬ ಪೋಸ್ಟರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಮೊದಲನೆಯದು ಒಬ್ಬರ ಕೃತಜ್ಞತೆ. ಎರಡನೆಯದು ಜಾಹೀರಾತು, ಯಾರಾದರೂ ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಹೊಣೆ ಯಾರದು? 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದ ರೋಗಗಳ ಪಟ್ಟಿಯನ್ನೇ ಕೊಟ್ಟು ಅಂಥ ಜಾಹೀರಾತುಗಳನ್ನು ತಡೆಯುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಯೇಸು ಕುಷ್ಠರೋಗಿಯನ್ನು ಗುಣಪಡಿಸಿ, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ತೋರಿಸಿಕೋ ಎನ್ನುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಮೊದಲು ವೈದ್ಯರು ನೋಡಲಿ. ಔಷಧಿ ಬಿಟ್ಟೆ ಎಂಬ ಸಾಲಿರುವ ಯಾವ ಸಾಕ್ಷಿಯನ್ನೂ ಹಾಕಬೇಡಿ.

ಬೇರೆ ಮನೆತನದಿಂದ, ಬೇರೆ ನಂಬಿಕೆಯಿಂದ ಬಂದವರ ಸಾಕ್ಷಿಯನ್ನು ನಾನಾದರೆ ಹಾಕುವುದೇ ಇಲ್ಲ. ಹೇಳುವವರು ಇಂದು ಉತ್ಸಾಹದಲ್ಲಿ ಒಪ್ಪುತ್ತಾರೆ. ನಾಳೆ ಅವರ ತಾಯಿ, ತಂಗಿ, ಬಾಡಿಗೆ ಮನೆಯ ಮಾಲೀಕರು, ಕೆಲಸದ ಜಾಗದವರು ಅದನ್ನು ನೋಡುತ್ತಾರೆ. ವೀಡಿಯೊ ನಮ್ಮ ಕೈಯಿಂದ ಜಾರಿ ಯಾರ ಕೈಗೆ ಹೋಗುತ್ತದೋ, ಅದರ ಮೇಲೆ ಯಾವ ಶೀರ್ಷಿಕೆ ಬೀಳುತ್ತದೋ ಹೇಳಲಾಗದು. ಅವರ ಮಾತನ್ನು ಸಭೆಯಲ್ಲೇ ಕೇಳೋಣ, ಅಲ್ಲೇ ದೇವರನ್ನು ಸ್ತುತಿಸೋಣ. ಇದರ ಜತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಬೇರೆಯವರ ದೇವರನ್ನು, ಪೂಜೆಯನ್ನು ಹೀಯಾಳಿಸುವ ಒಂದು ವಾಕ್ಯವೂ ನಮ್ಮ ವೀಡಿಯೊದಲ್ಲಿ ಇರಕೂಡದು. ಕ್ರಿಸ್ಮಸ್ಸಿಗೆ ನಾವು ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಕಳಿಸುವ, ದೀಪಾವಳಿಗೆ ನಮಗೆ ಸಿಹಿ ಕೊಡುವ ಪಕ್ಕದ ಮನೆಯವರೂ ನಮ್ಮ ಸ್ಟೇಟಸ್ ನೋಡುತ್ತಾರೆ. 2023ರ ಮೇ ತಿಂಗಳಲ್ಲಿ ವ್ಯಾಟಿಕನ್ನಿನ ಸಂವಹನ ವಿಭಾಗ ಸಾಮಾಜಿಕ ಜಾಲತಾಣದ ಕುರಿತು ಹೊರಡಿಸಿದ ಚಿಂತನೆ ಇಡಿಯಾಗಿ, ಗಾಯಗೊಂಡ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಸಾಮ್ಯದ ಮೇಲೆ ನಿಂತಿದೆ. ಜಾಲತಾಣದಲ್ಲಿ ನನ್ನ ನೆರೆಯವನು ಯಾರೆಂದು ಅದು ಕೇಳುತ್ತದೆ. ಪ್ರೊಟೆಸ್ಟೆಂಟರೂ ಓದಬೇಕಾದ ಬರಹವದು.

ದಾನದ ವೀಡಿಯೊಗಳ ಬಗ್ಗೆ ನನಗೆ ಕಟುವಾದ ಅಭಿಪ್ರಾಯವಿದೆ. ಅಕ್ಕಿಚೀಲ ಕೊಡುವಾಗ ಪಡೆಯುವವರನ್ನು ಕ್ಯಾಮೆರಾದತ್ತ ತಿರುಗಿಸಿ ನಿಲ್ಲಿಸುವುದು ನಿಲ್ಲಬೇಕು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಪರ್ವತ ಪ್ರಸಂಗವೇ ಹೇಳಿದೆ. ಕೊಟ್ಟವರಿಗೆ ಲೆಕ್ಕ ತೋರಿಸಬೇಕಾದರೆ ಚೀಲಗಳ ರಾಶಿಯ ಚಿತ್ರ, ಹಂಚುವ ಕೈಗಳ ಚಿತ್ರ, ಖರ್ಚಿನ ಪಟ್ಟಿ ಸಾಕು. ಮಕ್ಕಳ ಬಗ್ಗೆ ಕಾನೂನೇ ಬಿಗಿಯಾಗಿದೆ. ಬಾಲಗೃಹಕ್ಕೆ ಹೋಗಿ ಕ್ರಿಸ್ಮಸ್ ಉಡುಗೊರೆ ಕೊಟ್ಟು ಆ ಮಕ್ಕಳ ಮುಖ, ಹೆಸರು ಹಾಕುವವರು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮನ್ನು ಓದಿಕೊಳ್ಳಿ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನಮ್ಮದೇ ಸಂಡೇ ಸ್ಕೂಲಿನ ಮಕ್ಕಳಾದರೂ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮಗು ಬೇಡವೆಂದರೆ ಬೇಡ.

ಹಾಗಾದರೆ ಎಂಥ ಸಾಕ್ಷಿ? ಚಿಕ್ಕವು. ನಲವತ್ತು ವರ್ಷ ದೇವಾಲಯದ ಗಂಟೆ ಬಾರಿಸಿದವರು ಬೆಳಗಿನ ಜಾವ ಏಳುವುದರ ಬಗ್ಗೆ ಹೇಳುವ ಎರಡು ಮಾತು. ಅತ್ತೆಯ ಜತೆ ಮಾತು ಬಿಟ್ಟ ಸೊಸೆ ಮತ್ತೆ ಮಾತಾಡಿಸಿದ್ದು, ಅದೂ ಇಬ್ಬರೂ ಒಪ್ಪಿದರೆ. ಪ್ರಾರ್ಥನೆ ಇನ್ನೂ ಈಡೇರದವರು "ಆದರೂ ನಾನು ಬರುತ್ತೇನೆ" ಎನ್ನುವುದು. ಈ ಕೊನೆಯ ಬಗೆಯ ಸಾಕ್ಷಿ ಜಾಲತಾಣದಲ್ಲಿ ಕಾಣುವುದೇ ಅಪರೂಪ, ಬೇಕಾದವರು ಮಾತ್ರ ಬಹಳ ಮಂದಿ. ಕೀರ್ತನೆಗಳ ಪುಸ್ತಕದಲ್ಲಿ ಗೋಳಿನ ಕೀರ್ತನೆಗಳಿಗೆ ಎಷ್ಟು ಜಾಗವಿದೆ ನೋಡಿ. ನಮ್ಮ ಚಾನೆಲುಗಳಲ್ಲಿ ಅದಕ್ಕೆ ಅಷ್ಟಾದರೂ ಜಾಗ ಬೇಡವೇ? ಸಾಕ್ಷಿ ಹೇಳಿದವರಿಗೆ ಪೂರ್ತಿ ವೀಡಿಯೊ ತೋರಿಸಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಯಾವಾಗ ಬೇಕಾದರೂ ತೆಗೆಸುವ ಹಕ್ಕು ಅವರದೆಂದು ಮೊದಲೇ ತಿಳಿಸಿ.

ನಮ್ಮ ಕೈಯ ಕೆಲಸವೋ, ಯಂತ್ರದ ಕೆಲಸವೋ

ಕೃತಕ ಬುದ್ಧಿಮತ್ತೆಯಿಂದ ಈಗ ಗಳಿಗೆಯಲ್ಲಿ ಯೇಸುವಿನ ಚಿತ್ರ ಬರುತ್ತದೆ. ನೀಲಿ ಕಣ್ಣು, ಹೊಳೆಯುವ ಕೂದಲು, ಕೆಲವೊಮ್ಮೆ ಕೈಗೆ ಆರು ಬೆರಳು, ಕೆಳಗೆ ಒತ್ತಕ್ಷರ ಮುರಿದುಹೋದ ಕನ್ನಡ. ಧ್ವನಿಯನ್ನೂ ಯಂತ್ರವೇ ಕೊಡುತ್ತದೆ, ಪ್ರವಾದಿ ಹಬಕ್ಕೂಕನ ಹೆಸರಿನಲ್ಲಿ ಮುಗ್ಗರಿಸುತ್ತದೆ. ಯಂತ್ರ ತಯಾರಿಸಿದ ಧ್ಯಾನಕ್ಕೆ ಜವಾಬು ಕೊಡುವವರಿಲ್ಲ ಎಂಬುದು ನನ್ನ ಮುಖ್ಯ ತಕರಾರು. ತೀರಿಕೊಂಡ ಸಭಾಪಾಲಕರ ಧ್ವನಿಯನ್ನು ಯಂತ್ರದಿಂದ ಮರುಸೃಷ್ಟಿಸಿ ಸಂದೇಶ ಕೊಡಿಸುವುದಂತೂ ಕೂಡದು. ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕಿದಂತೆ. ನಿಜವೆಂದು ತೋರುವಂತೆ ಬದಲಾಯಿಸಿದ ವೀಡಿಯೊವನ್ನು ಹಾಗೆಂದು ತಿಳಿಸಬೇಕೆಂಬ ನಿಯಮ ಯೂಟ್ಯೂಬಿನಲ್ಲಿ 2024ರಿಂದಲೇ ಇದೆ.

ಫ್ಯಾನಿನ ಸದ್ದು ತೆಗೆಯಲು, ಕಿವಿ ಕೇಳದವರಿಗಾಗಿ ಅಡಿಬರಹ ಹಾಕಲು ಯಂತ್ರವನ್ನು ಧಾರಾಳವಾಗಿ ಬಳಸಿ. ಅಡಿಬರಹವನ್ನು ಕನ್ನಡ ಬಲ್ಲವರೊಬ್ಬರು ಒಮ್ಮೆ ಓದಿ ತಿದ್ದಲಿ. 2025ರ ಸೆಪ್ಟೆಂಬರಿನಲ್ಲಿ ಸಂತ ಪದವಿ ಪಡೆದ ಕಾರ್ಲೊ ಅಕುಟಿಸ್, 15ರ ಹರೆಯದಲ್ಲೇ ತೀರಿಕೊಂಡ ಇಟಲಿಯ ಹುಡುಗ, ಪರಮಪ್ರಸಾದದ (ಪೂಜೆಯ ರೊಟ್ಟಿ, ದ್ರಾಕ್ಷಾರಸದ) ಅದ್ಭುತಗಳನ್ನು ಒಂದೊಂದಾಗಿ ಕಲೆಹಾಕಿ ವೆಬ್‌ಸೈಟ್ ಕಟ್ಟಿದ್ದ. ಯುವಕರಿಗೆ ಆ ತಾಳ್ಮೆಯನ್ನು ತೋರಿಸಿ. ಊರಿನ ಹಳೆಯ ಸಮಾಧಿಗಳ ಮೇಲಿನ ಕನ್ನಡ ಬರಹಗಳನ್ನು ಚಿತ್ರ ತೆಗೆದು ದಾಖಲಿಸುವ ಕೆಲಸ ಅವರಿಗಾಗಿ ಕಾದಿದೆ.

ಹಣ ಮತ್ತು ಮರುಮಾತು

ಯೂಟ್ಯೂಬಿನ ಜಾಹೀರಾತಿನ ಹಣಕ್ಕೆ 1000 ಚಂದಾದಾರರು, ಜತೆಗೆ ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಚಿಕ್ಕ ಸಭೆ ಅದರ ಹಿಂದೆ ಓಡಬೇಕಾಗಿಲ್ಲ. ಆ ಅಂಕಿಯ ಆಸೆ ಹತ್ತಿದರೆ ಶೀರ್ಷಿಕೆಗಳು ಕೂಗತೊಡಗುತ್ತವೆ.

ಕಾಣಿಕೆಯ ಕ್ಯೂಆರ್ ಕೋಡನ್ನು ಪ್ರಸಂಗದ ವೀಡಿಯೊದ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಭೆಯವರ ಗುಂಪಿನಲ್ಲಿ ಕೊಟ್ಟರೆ ಸಾಕು. ಇದರಲ್ಲಿ ಕಾನೂನಿನ ತೊಡಕೂ ಇದೆ. ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದು ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ, ಅವರು ನಮ್ಮ ಸಭೆಯಲ್ಲೇ ದೀಕ್ಷಾಸ್ನಾನ ಪಡೆದವರಾದರೂ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿಯಲ್ಲಿ ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು, ಹಣ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಜಗತ್ತಿಗೆಲ್ಲ ತೆರೆದ ವೀಡಿಯೊದಲ್ಲಿ ಖಾತೆಯ ವಿವರ ಹಾಕಿದರೆ ಯಾರ ಹಣ ಬಂತೆಂದು ಹೇಗೆ ತಿಳಿಯುತ್ತದೆ? ಹಾಕುವ ಮುನ್ನ ಸಭೆಯ ಲೆಕ್ಕಪರಿಶೋಧಕರನ್ನು ಕೇಳಿ.

ಇನ್ನು ಮರುಮಾತುಗಳು. ಎಲ್ಲರಿಗೂ ತೆರೆದಿಡಬಹುದು, ಪೂರ್ತಿ ಮುಚ್ಚಬಹುದು, ಪರಿಶೀಲಿಸಿ ಬಿಡುವಂತೆ ತಡೆಹಿಡಿಯಬಹುದು. ನಾನು ಆರಿಸುವುದು ಮೂರನೆಯದನ್ನು. ಬೈಗುಳಕ್ಕೆ ಉತ್ತರ ಬೇಡ, ಅಳಿಸಿದರೆ ಸಾಕು. ಪ್ರಶ್ನೆ ಎಷ್ಟು ಒರಟಾಗಿದ್ದರೂ ಪ್ರಶ್ನೆಯಾಗಿದ್ದರೆ ಉತ್ತರ ಕೊಡಿ. ಪ್ರಾರ್ಥನೆ ಕೇಳಿದವರಿಗೆ ಅಂದೇ ಮರುಮಾತು ಹೋಗಬೇಕು, "ಆಮೆನ್" ಎಂಬ ಒಂದು ಪದದಲ್ಲಿ ಮುಗಿಸಬಾರದು. ಇದಕ್ಕಾಗಿ ಸಭೆಯ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡು ವಾಟ್ಸಾಪ್ ಬಿಸಿನೆಸ್ ಖಾತೆ ತೆರೆಯಿರಿ. ಯಾರೊಬ್ಬರ ಸ್ವಂತ ನಂಬರೂ ವೀಡಿಯೊದಲ್ಲಿ ಬೇಡ. ಆ ಫೋನನ್ನು ವಾರಕ್ಕೊಬ್ಬರಂತೆ ಇಬ್ಬರು ನೋಡಿಕೊಳ್ಳಲಿ, ಒಬ್ಬರು ಮಹಿಳೆಯಾಗಿರಲಿ. ಮನೆಯಲ್ಲಿ ಹೊಡೆತ, ಸಾಯುವ ಯೋಚನೆ, ಇಂಥ ಮಾತು ಬಂದರೆ ಅವರು ತಾವೇ ನಿಭಾಯಿಸಲು ಹೋಗದೆ ಸಭಾಪಾಲಕರಿಗೆ ತಕ್ಷಣ ತಿಳಿಸಬೇಕು. ಮಾನಸಿಕ ಸಂಕಟದಲ್ಲಿರುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಮಹಿಳೆಯರಿಗೆ 181. ಈ ಎರಡು ನಂಬರುಗಳನ್ನು ಆ ಫೋನಿನ ಹಿಂಬದಿಗೆ ಚೀಟಿ ಬರೆದು ಅಂಟಿಸಿಡಿ.